ಕೌದಿಯೊಳಗಿನ ಹಾಡು ನದಿ ದಾಟಿದ್ದು

ಇಂಡಿ

ನನ್ನ ತಂಗಿ ಶಮೀಮ ನನ್ನನ್ನು ಪೋರ್ಚುಗಲ್ಲಿಗೆ ಕಳಿಸುವಾಗ ಹೇಳಿದ್ದು ಒಂದೇ ಮಾತು.

“ಆಪಾ, ಆಕಿಗೆ ಚೀರಾಕ ಬಿಡಬ್ಯಾಡ.”

ಆಕೆ ಎಂದರೆ ಶಮೀಮಳ ಮಗಳು ಮುಸ್ಕಾನ್. ರ‍್ಯಾಪ್ ಹಾಡುವವಳು. ನನ್ನ ವಯಸ್ಸಿನ ಓದುಗರಿಗಾಗಿ ಹೇಳುತ್ತೇನೆ: ರಾಗದ ಹಂಗಿಲ್ಲದೆ ತಾಳದ ಮೇಲೆ ಮಾತನ್ನು ಓಡಿಸುವುದೇ ರ‍್ಯಾಪ್. ಅದರಲ್ಲೂ ಈಕೆಯದು ಸಿನಿಮಾಕ್ಕೋ ಟಿವಿಗೋ ಹೋಗುವ ಬಗೆಯದಲ್ಲ. ತಾವೇ ಬರೆದು, ತಾವೇ ಧ್ವನಿ ಹಿಡಿದು, ಫೋನಿನಿಂದ ಫೋನಿಗೆ ದಾಟಿಸುವ ಮಂದಿ ಇವರು. ತಮ್ಮನ್ನು ಅಂಡರ್‌ಗ್ರೌಂಡ್ ಎಂದು ಕರೆದುಕೊಳ್ಳುತ್ತಾರೆ. ಆ ಮಾತನ್ನು ಮೊದಲು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಹಗೇವು. ನೆಲದೊಳಗಿನ ಕುಳಿಯಲ್ಲಿ ಜೋಳ ತುಂಬಿ ಮೇಲೆ ಮಣ್ಣು ಮುಚ್ಚುತ್ತಿದ್ದರು. ಎಷ್ಟೋ ದಿನದ ಮೇಲೆ ತೆಗೆದರೂ ಕಾಳು ಬೆಚ್ಚಗಿರುತ್ತಿತ್ತು.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ ಎಂದು ವರ್ಗವಾಗುತ್ತ ಕೊನೆಗೆ ತವರೂರು ಇಂಡಿಗೇ ಬಂದು ನಿವೃತ್ತಳಾದೆ. ಎಲ್ಲ ಕಡೆಯೂ ನಾನು ಜೈತೂನ್ ಸಿಸ್ಟರ್. ಬೆಳಗಿನ ನಮಾಜಿನಿಂದ ಮಲಗುವ ಮೊದಲಿನ ಹಾಲಿನ ಲೋಟದವರೆಗೆ ನನ್ನ ದಿನ ಒಂದೇ ಮಡಿಕೆಯಲ್ಲಿ ಇರಬೇಕು. ಹಾಸಿಗೆಯ ಮೂಲೆ ಮಡಚುವ ರೀತಿಯಲ್ಲಿ ಮನುಷ್ಯರ ಗುಣ ತಿಳಿಯುತ್ತದೆ ಎಂದು ತರಬೇತಿಯಲ್ಲಿ ಕಲಿಸಿದ್ದರು. ನಾನು ಅದನ್ನು ಈಗಲೂ ನಂಬುತ್ತೇನೆ.

ಮುಸ್ಕಾನಳ ಹಾಡುಗಳನ್ನು ನಾನು ಮೊದಲಿನಿಂದ ಕೇಳಿದ್ದೇನೆ, ಅವು ನನ್ನ ಪಕ್ಕದ ಕೋಣೆಯಲ್ಲೇ ಹುಟ್ಟಿದ್ದರಿಂದ ಬೇರೆ ದಾರಿ ಇರಲಿಲ್ಲ. ಕಾಲೇಜಿಗೆ ಹೋಗುವಾಗ ಯಾರದೋ ತಾಳ ಇಳಿಸಿಕೊಂಡು ಹಿಂದಿಯಲ್ಲಿ ಹಾಡುತ್ತಿದ್ದಳು; ಮುಂಬೈಯ ಗಲ್ಲಿಯಲ್ಲಿ ಬೆಳೆದವಳ ಹಾಗೆ. ಆಮೇಲೊಂದು ದಿನ ಇಂಡಿಯ ಮಾತಿನಲ್ಲೇ ಶುರು ಮಾಡಿದಳು. ನಮ್ಮ ಮನೆ ರಸ್ತೆಯ ಪಕ್ಕ. ನಿಂಬೆಹಣ್ಣಿನ ಲಾರಿಗಳು ಹಾರ್ನ್ ಹೊಡೆಯುತ್ತ ಹೋಗುತ್ತವೆ. ಆ ಸದ್ದು ಒಳಗೆ ಬರಬಾರದೆಂದು ನಮ್ಮವ್ವ ಹಳೆಯ ಬಟ್ಟೆ ಕೂಡಿಸಿ ಹೊಲಿದ ಕೌದಿಯನ್ನು ತಲೆಯ ಮೇಲೆ ಹೊದ್ದು, ಒಳಗೆ ಫೋನ್ ಹಿಡಿದು, ಬೆವರುತ್ತ ಹಾಡುತ್ತಿದ್ದಳು. ಹೊರಗಿನಿಂದ ನೋಡಿದರೆ ಒಂದು ಕೌದಿ ತಾನೇ ಸಿಟ್ಟಿಗೆದ್ದು ನಡುಗುತ್ತಿರುವಂತೆ ಕಾಣುತ್ತಿತ್ತು.

ಹಾಗೆ ಹುಟ್ಟಿದ್ದು “ಒಂದ ಉಸಿರು”. ಹುಡುಗಿ ಹೀಗೆಲ್ಲ ಹಾಡಬಾರದು ಎಂದ ಊರಿನ ಪ್ರತಿಯೊಬ್ಬರನ್ನೂ, ಬಸ್ ಸ್ಟ್ಯಾಂಡಿನ ಪೋಲಿಗಳಿಂದ ಸ್ವಂತ ಚಾಚಾನವರೆಗೆ, ಅದರಲ್ಲಿ ಉಸಿರು ತೆಗೆದುಕೊಳ್ಳದೆ ಝಾಡಿಸಿದ್ದಳು. ಹಾಡು ಎಲ್ಲ ಫೋನುಗಳಿಗೂ ಹೋಯಿತು. ಸ್ವಲ್ಪ ದಿನಕ್ಕೆ ಬೈಸಿಕೊಂಡವರೇ ಚಹಾದಂಗಡಿಯಲ್ಲಿ ಅದನ್ನು ಹಾಕಿಸಿ ತಲೆ ಅಲ್ಲಾಡಿಸತೊಡಗಿದರು.

ಆಮೇಲೆ ಮಲ್ಲು ಬಂದ. ಸಿಂದಗಿಯಲ್ಲಿ ಮದುವೆ ಮುಂಜಿಗೆ ಸೌಂಡ್ ಸಿಸ್ಟಮ್ ಬಾಡಿಗೆ ಕೊಡುವ ಹುಡುಗ. ಊರು ಕನ್ನೊಳ್ಳಿ, ಕುರಿಗಾರರ ಮನೆತನ. ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಮುಸ್ಕಾನಳಿಗೆ ತಾಳ ಕಟ್ಟತೊಡಗಿದ. ನಡುವೆ ಒಂದು ವರ್ಷ ಇಬ್ಬರೂ ಯಂತ್ರದ ಹುಚ್ಚು ಹಿಡಿಸಿಕೊಂಡರು. ಆಗಿನ ಹಾಡುಗಳಲ್ಲಿ ನನ್ನ ಮಗಳಂಥ ಹುಡುಗಿ ಸ್ಟೀಲಿನ ತಂಬಿಗೆಯೊಳಗಿಂದ ಮಾತನಾಡುತ್ತಾಳೆ. ಅದೂ ಕಳೆಯಿತು. ಮಲ್ಲು ತನ್ನ ಅಜ್ಜನ ಡೊಳ್ಳಿನ ಮೇಳವನ್ನು ರೆಕಾರ್ಡ್ ಮಾಡಿ ತಂದ.

“ಸಿಸ್ಟರ್ ಅವ್ರ, ಅಜ್ಜ ಹಾಡುವಾಗ ಹಿಂದಿನವ್ರು ಕಡೀ ಮಾತು ಎತ್ತಿ ಹಿಡೀತಾರ್ರಿ. ಅಷ್ಟರಾಗ ಅಜ್ಜ ಉಸಿರು ತಗೋತಾನ,” ಎಂದು ಅವನು ನನಗೆ ವಿವರಿಸಿದ. “ಹಿಮ್ಮ್ಯಾಳ ಇಲ್ಲಂದ್ರ ಅಜ್ಜ ಬಾಯಿನ ತೆರಿಯಂಗಿಲ್ಲ. ಒಬ್ಬಾಂವ ಹಾಡಿದ್ರ ಅದು ಹಾಡಲ್ಲ, ದೂರು ಅಂತಾನ.”

ಅಲ್ಲಿಂದ ಮುಸ್ಕಾನಳ ಹಾಡು ನಿಧಾನವಾಯಿತು. ಸಾಲಿನ ಕೊನೆಯಲ್ಲಿ ಜಾಗ ಬಿಡತೊಡಗಿದಳು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅದು ಮನೆಯವರನ್ನು, ಮಲ್ಲುವನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಚೀರಿ ಚೀರಿ ಆಕೆಯ ಸ್ವರತಂತುಗಳ ಮೇಲೆ ಸಣ್ಣ ಗಂಟುಗಳು ಎದ್ದಿದ್ದವು. ವಿಜಯಪುರದ ಡಾಕ್ಟರ್ ಎದುರು ಕುಳಿತಾಗ ನಾನೂ ಜೊತೆಗಿದ್ದೆ. ದಿನಾ ಮಧ್ಯಾಹ್ನದವರೆಗೆ ಮೌನ, ಉಗಿ, ಬಿಸಿನೀರು, ಚೀರುವಂತಿಲ್ಲ. ಮತ್ತೆ ಗಂಟಲು ಹರಿದುಕೊಂಡರೆ ಹಾಡು ಇರಲಿ, ಮಾತೂ ಉಳಿಯುವುದು ಕಷ್ಟ ಎಂದರು.

ಲಿಸ್ಬನ್ನಿನಿಂದ ಕರೆ ಬಂದದ್ದು ಆಗ. ಅಲ್ಲಿ ಬೇರೆ ಬೇರೆ ದೇಶದ ಇಂಥ ಹಾಡುಗಾರರನ್ನು ಕೂಡಿಸುವ ಒಂದು ಗುಂಪು ಇದೆ. ಅವರು ಕೇಳಿದ್ದು “ಒಂದ ಉಸಿರು” ಹಾಡನ್ನೇ. ಮುಸ್ಕಾನ್ ಗಂಟಲಿನ ಸುದ್ದಿ ಹೇಳದೆ ಬರುತ್ತೇನೆಂದು ಒಪ್ಪಿಬಿಟ್ಟಳು. ಶಮೀಮ ನನ್ನನ್ನು ಜೊತೆಗೆ ಹಾಕಿದಳು.

ಲಿಸ್ಬನ್ ವಿಮಾನ ನಿಲ್ದಾಣ

ಕಸ್ಟಮ್ಸಿನ ಯುವಕ ನನ್ನ ಸೂಟ್‌ಕೇಸಿನ ಮುಂದೆ ನಿಂತ. ಬಟ್ಟೆಗಳನ್ನು ಆಕಾರದ ಪ್ರಕಾರ ಜೋಡಿಸಿದ್ದೆ. ಅದನ್ನು ಕೆಡಿಸಲು ಅವನಿಗೂ ಮನಸ್ಸಾಗಲಿಲ್ಲ, ಎರಡು ಬೆರಳಿನಿಂದ ಎತ್ತಿ ನೋಡಿದ. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ತೆರೆದು ಮೂಗಿನ ಹತ್ತಿರ ತಂದ. ಸೀನಿದ. ಮತ್ತೆ ಸೀನಿದ. ಕಡಕ್ ರೊಟ್ಟಿಯನ್ನು ಬೆಳಕಿಗೆ ಹಿಡಿದ. ಕೊನೆಗೆ ಕೌದಿಗೆ ಕೈ ಹಾಕಿದ.

ಕೌದಿ ಬಿಚ್ಚಿದರೆ ಅದೊಂದು ಹೊಲವಾಗುತ್ತದೆ. ಮೇಜಿನ ತುಂಬ ಹರಡಿ ಎರಡೂ ಕಡೆ ಇಳಿಬಿತ್ತು. ನನ್ನ ಬಿಳಿ ಸೀರೆಯ ತುಂಡು, ಶಮೀಮಳ ಚಿಕ್ಕಂದಿನ ಫ್ರಾಕು, ಅಪ್ಪನ ಚೌಕಡಿ ಲುಂಗಿ, ಯಾರದೋ ಮದುವೆಯ ಹಸಿರು. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ನಿಜವನ್ನೇ ಹೇಳಿದೆ.

“ಸ್ಟುಡಿಯೋ.”

ಅವನು ಮುಸ್ಕಾನಳ ಕಡೆ ನೋಡಿದ. ಆಕೆಗೆ ಅದು ಮೌನದ ಹೊತ್ತು. ಗಂಭೀರವಾಗಿ ತಲೆಯಾಡಿಸಿದಳು. ಅವನು ಇನ್ನೊಬ್ಬಳನ್ನು ಕರೆದ. ಅವಳು ಹೊಲಿಗೆಯ ಮೇಲೆ ಬೆರಳು ಓಡಿಸಿ, ಏನೋ ಹೇಳಿ, ತಾನೇ ಮಡಚಲು ಹೋದಳು. ಮೂಲೆಗಳು ಕೂಡಲಿಲ್ಲ. ನಾನು ತೆಗೆದುಕೊಂಡು ಮಡಚಿದೆ. ಹಿಂದಿನ ಸಾಲಿನವರು ನಮ್ಮ ನಾಲ್ವರನ್ನೂ ತಾಳ್ಮೆಯಿಂದ ನೋಡುತ್ತಿದ್ದರು, ಯಾರೂ ಹಲ್ಲು ಕಡಿಯಲಿಲ್ಲ. ನಮ್ಮ ಕಡೆ ಆಗಿದ್ದರೆ ಅಷ್ಟು ಹೊತ್ತಿಗೆ ಕೌದಿ ಮಡಚುವ ಬಗ್ಗೆ ಸಾಲಿನಲ್ಲಿದ್ದ ಎಲ್ಲರೂ ಸಲಹೆ ಕೊಟ್ಟಿರುತ್ತಿದ್ದರು.

ಹೊರಗೆ ಫಿಲಿಪಾ ಕಾಯುತ್ತಿದ್ದಳು. ಕಾರ್ಯಕ್ರಮ ನಡೆಸುವವಳು ಅವಳೇ. ನಾನು ಸಲಾಂ ಹೇಳಲು ಕೈ ಎತ್ತುವುದರೊಳಗೆ ಎರಡೂ ಕೆನ್ನೆಗೆ ಕೆನ್ನೆ ತಾಗಿಸಿಬಿಟ್ಟಳು. ಅವಳ ಕೈಯಲ್ಲಿ ಪೋಸ್ಟರ್ ಇತ್ತು. ಅದರ ನಡುವೆ ದೊಡ್ಡದಾಗಿ, ಕನ್ನಡ ಬಾರದ ಯಾರೋ ಚಿತ್ರ ಬರೆದ ಹಾಗೆ ಬಿಡಿಸಿದ ಅಕ್ಷರಗಳು: ಒಂದ ಉಸಿರು. ಒಂದು ಕೊಂಬೂ ತಪ್ಪಿರಲಿಲ್ಲ. ಜನ ಈ ಹಾಡಿಗಾಗಿ ಕಾಯುತ್ತಿದ್ದಾರೆ ಎಂದಳು ಫಿಲಿಪಾ. ಮುಸ್ಕಾನ್ ನಕ್ಕಳು. ಆ ನಗು ಕಾರಿನಲ್ಲಿ ಕೂರುವ ಹೊತ್ತಿಗೆ ಇರಲಿಲ್ಲ.

ನದಿಯ ಈಚೆ

ಮಾತನಾಡದ ಹುಡುಗಿಯ ಜೊತೆ ಪರದೇಶದ ಊರು ನೋಡುವುದು ಬೇರೆಯೇ ಅನುಭವ. ಬೆಳಗಿನ ಮಂಜಿನಲ್ಲಿ ಇಬ್ಬರೂ ಇಳಿಜಾರು ಓಣಿಗಳಲ್ಲಿ ನಡೆಯುತ್ತಿದ್ದೆವು. ಮನೆಗಳ ಮೈಗೆಲ್ಲ ನೀಲಿ ಬಿಳಿ ಟೈಲ್ಸ್. ಕಿಟಕಿಯ ಹೊರಗೆ ಹಗ್ಗ, ಹಗ್ಗದ ಮೇಲೆ ಬಟ್ಟೆ. ಹಳದಿ ಟ್ರಾಮ್ ಬಂದಾಗ ಆ ಬಟ್ಟೆಗಳು ಪಕ್ಕಕ್ಕೆ ಸರಿದು ದಾರಿ ಕೊಡುವ ಹಾಗೆ ತೋರುತ್ತಿತ್ತು. ಎಲ್ಲಿ ತಿರುಗಿದರೂ ಓಣಿಯ ಕೊನೆಗೆ ತೇಜು ನದಿ. ಅದು ನದಿಯೋ ಸಮುದ್ರವೋ ಎಂದು ಆ ನೀರಿಗೇ ತೀರ್ಮಾನವಾದಂತಿಲ್ಲ. ಆಲಮೇಲದ ಹತ್ತಿರ ಭೀಮೆ ತುಂಬಿದಾಗ ಆಚೆ ದಂಡೆಯ ಕಬ್ಬು ಬರೀ ಒಂದು ಹಸಿರು ಗೆರೆಯಾಗುತ್ತದೆ. ಇಲ್ಲಿ ಆಚೆ ದಂಡೆ ಕಾಣುತ್ತದೆ, ಅಳಿಸುತ್ತದೆ, ಮತ್ತೆ ಕಾಣುತ್ತದೆ.

ನೆಲಕ್ಕೆಲ್ಲ ಸಣ್ಣ ಬಿಳಿ ಕಲ್ಲು. ಜನರ ಪಾದ ತಿಕ್ಕಿ ತಿಕ್ಕಿ ಅದು ಸಾಬೂನಿನಂತಾಗಿದೆ. ನಾನು ಕಾಲುಚೀಲದ ಮೇಲೆ ಚಪ್ಪಲಿ ಮೆಟ್ಟಿ ಹೊರಟಿದ್ದೆ. ಒಂದು ಇಳಿಜಾರಿನಲ್ಲಿ ಕಾಲು ಜಾರಿ, ಕುಳಿತ ಭಂಗಿಯಲ್ಲೇ ಒಂದಿಷ್ಟು ದೂರ ಸಾಗಿ, ಒಂದು ಚಹಾದಂಗಡಿಯ ಬಾಗಿಲಲ್ಲಿ ನಿಂತೆ. ಒಳಗಿದ್ದವರು ಎಬ್ಬಿಸಿ, ನೀರು ಕೊಟ್ಟು, ಹೆಸರು ಕೇಳಿದರು. ಜೈತೂನ್ ಎಂದೆ. ಅಂಗಡಿಯವನು ಮುಖವರಳಿಸಿ ಒಂದು ಬಟ್ಟಲು ಆಲಿವ್ ಕಾಯಿ ತಂದಿಟ್ಟ. ಅವರ ಭಾಷೆಯಲ್ಲೂ ಆ ಕಾಯಿಗೆ ಹೆಚ್ಚುಕಡಿಮೆ ನನ್ನ ಹೆಸರೇ. ಅಪ್ಪ ನನಗೆ ಇಟ್ಟ ಹೆಸರಿನ ಕಾಯಿಯನ್ನು ನಾನು ಬಾಯಿಗೆ ಹಾಕಿದ್ದು ಅದೇ ಮೊದಲು. ಕಹಿ, ಉಪ್ಪು. ಮುಸ್ಕಾನ್ ಸದ್ದಿಲ್ಲದೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಊರಿನವರು ಆಕೆಯನ್ನು ಮೂಕಿ ಎಂದು ತಿಳಿದರು. ಬ್ರೆಡ್ ಅಂಗಡಿಯ ಮುದುಕಿ ದಿನಾ ಆಕೆಯ ಕೆನ್ನೆ ಸವರಿ ಒಂದು ಸಿಹಿ ಕೈಗಿಡುತ್ತಿದ್ದಳು. ಮಧ್ಯಾಹ್ನದ ಮೇಲೆ ಒಂದು ದಿನ ಮುಸ್ಕಾನ್ ಹೋಗಿ ಬಾಯಿ ತೆರೆದು ಥ್ಯಾಂಕ್ಸ್ ಹೇಳಿದಾಗ ಆ ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

ರೂಮಿಗೆ ಬಂದು ಉಗಿ ತೆಗೆದುಕೊಳ್ಳುತ್ತಿದ್ದಳು. ತಲೆಯ ಮೇಲೆ ಟವೆಲ್. ಅದರೊಳಗೆ ತುಟಿಗಳು ಆಡುವುದು ನನಗೆ ಗೊತ್ತಾಗುತ್ತಿತ್ತು. ಸದ್ದಿಲ್ಲದೆ ಹಳೆಯ ಹಾಡನ್ನೇ ಹೇಳಿಕೊಳ್ಳುತ್ತಿದ್ದಳು.

ಮಲ್ಲು ಫೋನ್ ಮಾಡಿದ. “ಸಿಸ್ಟರ್ ಅವ್ರ, ಆಕಿ ಟೈಪ್ ಮಾಡಿ ಜಗಳ ತಗ್ಯಾಕತ್ತಾಳ್ರಿ. ಹಳೇ ಹಾಡಿನ ತಾಳ ಕಳಸು ಅಂತಾಳ. ನಾ ಕಳಸಂಗಿಲ್ಲ ಅಂದೇನಿ.”

“ಹಂಗ ಗಟ್ಟಿ ಇರು,” ಎಂದೆ.

“ಗಟ್ಟಿ ಎಲ್ಲೈತ್ರಿ, ಕಳಿಸಿಬಿಟ್ಟೆ. ಆಕಿ ಅಳೂ ಗೊಂಬಿ ಚಿತ್ರ ಕಳಿಸಿದ್ಲು.”

ನದಿಯ ಆಚೆ

ಆಚೆ ದಂಡೆಯ ಊರು ಅಲ್ಮಾದಾ. ದೋಣಿಯಲ್ಲಿ ಹೋಗಬೇಕು. ಆ ದೋಣಿಯಲ್ಲಿ ಯಾರೂ ನದಿ ನೋಡುವುದಿಲ್ಲ, ಕಣ್ಣು ಮುಚ್ಚಿ ಕೂರುತ್ತಾರೆ. ಸಿಂದಗಿ ಬಸ್ಸಿನಲ್ಲಿ ಬೆಳಿಗ್ಗೆ ಆಲಮೇಲದಿಂದ ಬರುವವರೂ ಹೀಗೇ ಕೂರುತ್ತಾರೆ. ದಂಡೆ ತಟ್ಟಿದ್ದೇ ಯಾರೂ ಎಬ್ಬಿಸದೆ ಎಲ್ಲರೂ ಒಟ್ಟಿಗೆ ಎದ್ದರು.

ಅಲ್ಲಿ ಅರ್ಮಾಂದು ಇದ್ದಾನೆ. ಐವತ್ತು ದಾಟಿದ, ತೆಳ್ಳಗಿನ ಕಪ್ಪು ಮನುಷ್ಯ. ಹಗಲು ಬಸ್ ಓಡಿಸುತ್ತಾನೆ, ಅಂದು ಅವನಿಗೆ ರಜೆ. ಅವನ ಹಿರಿಯರು ಆಫ್ರಿಕಾದ ಪಕ್ಕದ ಕೇಪ್ ವರ್ಡ್ ದ್ವೀಪಗಳಿಂದ ಬಂದವರು. ಹುಡುಗನಾಗಿದ್ದಾಗಿನಿಂದ ರ‍್ಯಾಪ್ ಕಟ್ಟುತ್ತಿದ್ದಾನೆ, ಇಂದಿಗೂ ಯಾವ ಕಂಪನಿಯ ಬಾಗಿಲಿಗೂ ಹೋಗಿಲ್ಲ. ಮುಸ್ಕಾನಳ ಕಾರ್ಯಕ್ರಮದ ತಯಾರಿ ಅವನ ಮನೆಯಲ್ಲಿ. ನದಿಗೆ ತೆರೆದ ಕಿಟಕಿಯ ಒಂದು ಕೋಣೆ, ಗೋಡೆಗೆ ಕ್ಯಾಸೆಟ್ಟುಗಳ ಕಪಾಟು.

ಮಧ್ಯಾಹ್ನದ ತನಕ ಮುಸ್ಕಾನ್ ಮಾತನಾಡುವಂತಿಲ್ಲ ಎಂದು ನಾನು ಹೇಳಿದೆ, ಕಾರಣ ಹೇಳಲಿಲ್ಲ. ಹಾಗಾದರೆ ಕೇಳಿರಿ ಎಂದು ಅವನು ಇಂಗ್ಲಿಷಿನಲ್ಲಿ ಹೇಳಿ, ಹುಡುಗತನದಿಂದ ಇಂದಿನವರೆಗಿನ ತನ್ನ ವಯಸ್ಸನ್ನು ಕ್ಯಾಸೆಟ್ಟುಗಳಲ್ಲಿ ಹಾಕಿ ಕೇಳಿಸಿದ.

ಮೊದಲನೆಯದರಲ್ಲಿ ಸ್ಟೋವಿನಂಥ ಸುಯ್ ಸದ್ದು, ಅದರ ಮೇಲೆ ನಾಯಿ ಬೆನ್ನಟ್ಟಿದವನಂತೆ ಓಡುವ ಎಳೆ ಗಂಟಲು. ಭಾಷೆ ಇಂಗ್ಲಿಷು. ಬಾರದ ಇಂಗ್ಲಿಷು ಎಂದು ಅವನೇ ನಕ್ಕ. ಎರಡು ಟೇಪ್ ರೆಕಾರ್ಡರ್ ಎದುರುಬದುರು ಇಟ್ಟು, ಗುಂಡಿ ಒತ್ತಿ ಒತ್ತಿ ಒಂದೇ ತುಣುಕನ್ನು ಹೊಲಿದು ತಾಳ ಮಾಡಿದ್ದನಂತೆ. ಮುಂದಿನದರಲ್ಲಿ ಪೋರ್ಚುಗೀಸು ಬಂತು. ಆಮೇಲೆ ಮನೆಯ ಭಾಷೆ. ಅಪ್ಪನ ಹಳೆಯ ರೆಕಾರ್ಡುಗಳಿಂದ ಕತ್ತರಿಸಿದ ಗಿಟಾರು ಬಂತು. ಆಮೇಲೆ ಕಂಪ್ಯೂಟರ್. ಅದರಲ್ಲಿ ಮದುವೆ ಮನೆಯಂತೆ ಎಲ್ಲರೂ ಒಟ್ಟಿಗೆ ಮಾತನಾಡುತ್ತಾರೆ, ಮದುಮಗ ಯಾರೆಂದೇ ತಿಳಿಯುವುದಿಲ್ಲ. ಕೊನೆಗೆ ಇತ್ತೀಚಿನದನ್ನು ಹಾಕಿದ. ಗಂಟಲು ಕೆಳಗಿಳಿದಿದೆ. ಒಂದು ಸಾಲು ಹೇಳುತ್ತಾನೆ, ಬಿಡುತ್ತಾನೆ. ಆ ಬಿಟ್ಟ ಜಾಗದಲ್ಲಿ ದೂರದ ದೋಣಿಯೊಂದು ಕೂಗುತ್ತದೆ.

ನಾನು ಕಿಟಕಿಯ ಕಡೆ ನೋಡಿದೆ. ಮೊದಲೆಲ್ಲ ಹಾಡುವಾಗ ಆ ಕಿಟಕಿಗೆ ಹಾಸಿಗೆ ಒಡ್ಡುತ್ತಿದ್ದೆ ಎಂದ ಅರ್ಮಾಂದು. “ಆಗ ಒಂದೂ ಜಾಗ ಖಾಲಿ ಬಿಡುತ್ತಿರಲಿಲ್ಲ. ಬಿಟ್ಟರೆ ಬೇರೆಯವರು ಬಂದು ಕೂರುತ್ತಾರೆ ಅಂತ ಭಯ. ಈಗ ಬಂದು ಕೂರಲಿ ಅಂತಲೇ ಬಿಡುತ್ತೇನೆ.”

ಮುಸ್ಕಾನ್ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. ಆದರೆ ಮೌನದ ಹೊತ್ತು ಮುಗಿದದ್ದೇ ಫೋನಿನಿಂದ ಹಳೆಯ ತಾಳ ಹಾಕಿ, ಮೈಕಿನ ಮುಂದೆ ನಿಂತು “ಒಂದ ಉಸಿರು” ಎತ್ತಿಕೊಂಡಳು. ಶುರು ಬೆಂಕಿಯಂತೆ ಇತ್ತು. ಅರ್ಮಾಂದು ಕುರ್ಚಿಯಿಂದ ಎದ್ದ. ನಡುವೆ ಎಲ್ಲೋ ಧ್ವನಿ ಬಟ್ಟೆ ಹರಿದಂತೆ ಹರಿಯಿತು. ಆಕೆ ನಿಲ್ಲಿಸಲಿಲ್ಲ. ನಾನು ಎದ್ದು ಫೋನ್ ಬಂದ್ ಮಾಡಿದೆ.

“ಖಾಲಾ, ಇದು ನಿನ್ನ ವಾರ್ಡ್ ಅಲ್ಲ.”

“ವಾರ್ಡ್ ಅಲ್ಲ ಖರೆ. ಗಂಟಲ ಅದ ಐತಲ್ಲ?”

“ಕರದವ್ರು ಈ ಹಾಡು ಕೇಳಿ ಕರದಾರ. ಪೋಸ್ಟರ್ ಮ್ಯಾಲೆ ಬರದಾರ. ಈಗ ಹೋಗಿ ಹೊಸಾವು ಮೆತ್ತಗಿನ್ವು ಹಾಡಿದ್ರ ಹುಡುಗಿ ಮುಗದ್ಲು ಅಂತಾರ.”

“ಅನ್ಲಿ.”

“ನಿನಗೇನು, ಅನ್ಲಿ. ಒಂದ್ಸಲಾ ಹಾಡೇ ಹಾಡ್ತೇನಿ. ಆಮ್ಯಾಲೆ ಗಂಟಲ ಹೋದ್ರ ಹೋಗ್ಲಿ.”

“ನಿಮ್ಮವ್ವಗ ಯಾರು ಹೇಳವ್ರು, ಹೋತು ಅಂತ?”

ಆಕೆಯ ಕಣ್ಣಲ್ಲಿ ನೀರು ತುಂಬಿತ್ತು. ಅರ್ಮಾಂದುವಿಗೆ ಕನ್ನಡ ಬಾರದು, ಆದರೆ ಹರಿದ ಗಂಟಲು ಯಾವ ಭಾಷೆಯದಾದರೂ ಅವನಿಗೆ ತಿಳಿಯುತ್ತದೆ. ಒಂದು ಲೋಟ ಬಿಸಿನೀರು ತಂದಿಟ್ಟು ಹೊರಗೆ ಹೋದ.

ವಾಪಸು ದೋಣಿಯಲ್ಲಿ ನಾವೂ ಕಣ್ಣು ಮುಚ್ಚಿಯೇ ಕುಳಿತೆವು. ಮರುದಿನ ಸಂಜೆ ಕಾರ್ಯಕ್ರಮ.

ದೋನಾ ಬಿಯಾ ಅವರ ಅಡುಗೆಮನೆ

ಮರುದಿನ ಬೆಳಿಗ್ಗೆ ಮುಸ್ಕಾನ್ ಕೌದಿಯನ್ನು ತೋರಿಸಿ, ಇದನ್ನೂ ತೆಗೆದುಕೊಂಡು ಹೋಗೋಣ ಎಂದು ಸನ್ನೆ ಮಾಡಿದಳು. ಒಳಗೆ ಕುಳಿತು ಮೆಲ್ಲಗೆ ಒಮ್ಮೆ ಅಭ್ಯಾಸ ಮಾಡುವ ಆಸೆ ಇರಬೇಕು. ನಾನು ಜಗಳಕ್ಕೆ ಹೋಗದೆ ಅದನ್ನು ಬಿಗಿಯಾಗಿ, ಚೌಕವಾಗಿ ಮಡಚಿ, ಚೀಲಕ್ಕೆ ಹಾಕಿಕೊಂಡು ದೋಣಿ ಹತ್ತಿದೆ.

ಅರ್ಮಾಂದು ಇನ್ನೂ ಬಸ್ಸಿನಿಂದ ಬಂದಿರಲಿಲ್ಲ. ಅವನ ತಾಯಿ ದೋನಾ ಬಿಯಾ ನಮ್ಮನ್ನು ಅಡುಗೆಮನೆಯಲ್ಲಿ ಕೂರಿಸಿದರು. ನನಗಿಂತ ಹಿರಿಯರು, ತಲೆಗೆ ಬಟ್ಟೆ ಕಟ್ಟಿದವರು. ನಾವು ಹಂದಿಮಾಂಸ ತಿನ್ನುವುದಿಲ್ಲವೆಂದು ಮಗ ಹೇಳಿದ್ದನಂತೆ. ಗೋವಿನಜೋಳದ ನುಚ್ಚಿಗೆ ಕಾಳು, ಮೀನು ಹಾಕಿ ಬೇಯಿಸಿದ್ದರು. ಹಿಂಡಿಯ ಡಬ್ಬಿ ತೆಗೆದೆ. ಬೆರಳಿಗೆ ಹಚ್ಚಿ ನೆಕ್ಕಿ, ಸೀನದೆ, ಡಬ್ಬಿಯನ್ನೇ ತಮ್ಮ ಕಪಾಟಿನೊಳಗೆ ಇಟ್ಟುಕೊಂಡರು. ಅವರ ನೆರೆಯ ಹೆಂಗಸರೂ ಅಲ್ಲಿದ್ದರು, ಬಟಾಟಿ ಸುಲಿಯುತ್ತ.

ನಾನು ಚೀಲದಿಂದ ಕೌದಿ ತೆಗೆದು ಮೇಜಿನ ಮೇಲೆ ಇಟ್ಟೆ. ದೋನಾ ಬಿಯಾ ಅದರ ಕಡೆ ನೋಡಿದರು. ಒತ್ತಿ ನೋಡಿದರು. ಮೂಲೆ ಹಿಸುಕಿದರು. ಅವರ ಮುಖದಲ್ಲಿ ಉಡುಗೊರೆ ಬಂದವರ ಸಂತೋಷ ಕಂಡಿತು. ಏನೋ ಹೇಳಿ, ಕೌದಿಯನ್ನು ಎತ್ತಿಕೊಂಡು ಕುರ್ಚಿಯ ತುದಿಗೆ ಕುಳಿತು, ಎರಡು ತೊಡೆಗಳ ನಡುವೆ ಸಿಕ್ಕಿಸಿಕೊಂಡರು. ಅಂಗೈಯಿಂದ ಹೊಡೆದರು.

ಧಮ್ ಎಂದಿತು.

ನಮ್ಮವ್ವನ ಕೌದಿಯಿಂದ ಅಂಥ ಸದ್ದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಎಷ್ಟೋ ಹಳೆಯ ಬಟ್ಟೆಗಳ ಪದರು ಒಂದರ ಮೇಲೊಂದು ಕೂತು, ಕನ್ನೊಳ್ಳಿಯ ಡೊಳ್ಳನ್ನು ಹೊಲದಾಚೆಯಿಂದ ಕೇಳಿದ ಹಾಗಿತ್ತು. ಬಟಾಟಿ ಸುಲಿಯುತ್ತಿದ್ದವರು ಚಾಕು ಕೆಳಗಿಟ್ಟರು. ಒಬ್ಬಾಕೆ ಕುರ್ಚಿಯ ದಿಂಬು, ಇನ್ನೊಬ್ಬಾಕೆ ಸುತ್ತಿದ ಶಾಲು ತೆಗೆದುಕೊಂಡಳು. ದೋನಾ ಬಿಯಾ ಒಂದು ಸಾಲು ಹಾಡಿ ನಿಲ್ಲಿಸುತ್ತಾರೆ. ಮಿಕ್ಕವರು ಅದರ ಬಾಲವನ್ನು ಹಿಡಿದು ಎತ್ತುತ್ತಾರೆ, ಬಟ್ಟೆಯ ಮೇಲೆ ಹೊಡೆಯುತ್ತಾರೆ. ಅಷ್ಟರಲ್ಲಿ ದೋನಾ ಬಿಯಾ ಉಸಿರು ತೆಗೆದುಕೊಳ್ಳುತ್ತಾರೆ.

ಅವರ ದ್ವೀಪದ ಹೆಂಗಸರ ಹಾಡಿಕೆ ಇದು, ಬತೂಕು ಎಂದು ಹೆಸರು, ಹಿಂದೆ ಆಳುತ್ತಿದ್ದವರು ಡೋಲು ಬಾರಿಸಗೊಡದಿದ್ದಾಗ ಬಟ್ಟೆಯನ್ನೇ ಮಡಚಿ ಬಾರಿಸಿದರಂತೆ ಎಂದು ಅರ್ಮಾಂದು ಆಮೇಲೆ ತಿಳಿಸಿದ. ಆ ಹೊತ್ತಿಗೆ ನನಗೆ ಗೊತ್ತಾದದ್ದು ಇಷ್ಟೇ: ಆ ಮುದುಕಿ ನನ್ನ ಕೈಯನ್ನೂ ಎಳೆದು ಕೌದಿಯ ಮೇಲೆ ಇಟ್ಟರು. ನನ್ನ ಕೈ ತಪ್ಪಿತು. ಮಣಿಕಟ್ಟು ಹಿಡಿದು ತಿದ್ದಿದರು. ಮತ್ತೆ ತಪ್ಪಿತು. ಹೆಂಗಸರು ನಕ್ಕರು. ಮಂದಿಯ ನಾಡಿ ಹಿಡಿದೇ ವಯಸ್ಸು ಕಳೆದವಳು ನಾನು. ಯಾರದೋ ನಾಡಿ ಎಂದುಕೊಂಡು ಮತ್ತೆ ಹೊಡೆದೆ. ಕೂಡಿತು.

ಮುಸ್ಕಾನ್ ಬಾಗಿಲಿಗೆ ಒರಗಿ ನಿಂತಿದ್ದಳು. ಮಧ್ಯಾಹ್ನ ಆಗಿತ್ತೋ ಇಲ್ಲವೋ, ಜೀವನದಲ್ಲಿ ಅದೊಂದು ಸಲ ನಾನು ಗಡಿಯಾರ ನೋಡಲಿಲ್ಲ. ದೋನಾ ಬಿಯಾ ಸುಮ್ಮನಾದ ಒಂದು ಜಾಗದಲ್ಲಿ ಆಕೆಯ ಧ್ವನಿ ಬಂತು. ಹಳೆಯ ಹಾಡಿನ ಮೊದಲ ಸಾಲು. ಚೀರಿದ್ದಲ್ಲ, ಮಾತಿನ ಎತ್ತರದಲ್ಲಿ. ಸಾಲಿನ ಕೊನೆಗೆ ನಿಂತುಬಿಟ್ಟಳು.

ಹೆಂಗಸರು ಕಾಯಲಿಲ್ಲ. ಅರ್ಥ ಕೇಳಲಿಲ್ಲ. ಕೊನೆಯ ತುಣುಕನ್ನು ಕೇಳಿದಂತೆ ಎತ್ತಿಕೊಂಡು ತಿರುಗಿ ಕೊಟ್ಟರು. ಮುಸ್ಕಾನ್ ಉಸಿರು ತೆಗೆದುಕೊಂಡಳು. ಆ ಉಸಿರನ್ನು ನಾನು ಕೇಳಿದೆ.

ಹಡಗು ರಿಪೇರಿಯ ಶೆಡ್ಡು

ಕಾರ್ಯಕ್ರಮ ಇದ್ದದ್ದು ನದಿದಂಡೆಯ ಒಂದು ಹಳೆಯ ಶೆಡ್ಡಿನಲ್ಲಿ. ಹಿಂದೆ ಅಲ್ಲಿ ಹಡಗು ದುರಸ್ತಿ ಮಾಡುತ್ತಿದ್ದರು. ತಗಡಿನ ಮಾಡು, ಇಳಿಬಿಸಿಲು ಓರೆಯಾಗಿ ಒಳಗೆ ಬಂದು ಧೂಳನ್ನೆಲ್ಲ ಬಂಗಾರ ಮಾಡಿತ್ತು. ಹುಡುಗ ಹುಡುಗಿಯರು ನೆಲದ ಮೇಲೆ ಕುಳಿತಿದ್ದರು, ನಿಂತಿದ್ದರು, ಕಂಬ ಹತ್ತಿದ್ದರು. ಪೋಸ್ಟರಿನ ಕನ್ನಡ ಅಕ್ಷರಗಳನ್ನು ಒಬ್ಬ ಅಂಗಿಯ ಮೇಲೆ ಬರೆಸಿಕೊಂಡಿದ್ದ.

ಮುಸ್ಕಾನ್ ಮೊದಲೇ ಫಿಲಿಪಾಳನ್ನು ಪಕ್ಕಕ್ಕೆ ಕರೆದು ಗಂಟಲಿನ ಸಂಗತಿ ಹೇಳಿದಳು. ಜನ ಬಂದದ್ದು ಬೇರೆಯದಕ್ಕೆ, ಮೊದಲೇ ಹೇಳಬೇಕಿತ್ತು ಎಂದಳು ಫಿಲಿಪಾ. ಅದು ನ್ಯಾಯವಾದ ಮಾತೇ. ಆಮೇಲೆ ಹೋಗಿ ತಾನೇ ವೇದಿಕೆಯ ಮೇಲೆ ಕುರ್ಚಿಗಳನ್ನು ಅರೆವೃತ್ತಕ್ಕೆ ಜೋಡಿಸಿದಳು.

ದೋನಾ ಬಿಯಾ ನಡುವೆ ಕುಳಿತರು, ಮಡಿಲಲ್ಲಿ ಕೌದಿ. ಪಕ್ಕದಲ್ಲಿ ಅವರ ಓಣಿಯವರು. ನನ್ನನ್ನು ಬಿಡಲಿಲ್ಲ, ತುದಿಯ ಕುರ್ಚಿಗೆ ತಳ್ಳಿ ಒಂದು ಬಟ್ಟೆಯ ಗಂಟು ಕೊಟ್ಟರು. ವೇದಿಕೆ ಹತ್ತುವ ಮೊದಲು ಮುಸ್ಕಾನ್ ನನ್ನ ಕಿವಿಯ ಹತ್ತಿರ ಬಂದು, “ಖಾಲಾ, ತಾಳ ತಪ್ಪೀದಿ ಅಂದ್ರ ನಿನ್ನ ಮ್ಯಾಲೆ ಒಂದು ಹಾಡು ಬರೀತೇನಿ,” ಎಂದಳು.

“ಬರಿ. ಅದನ್ನೂ ಮೆತ್ತಗ ಹಾಡು.”

ಆಕೆ ಮುಂದೆ ಹೋಗಿ ನಿಂತಾಗ ಜನ ಹಾಡಿನ ಹೆಸರನ್ನು ತಮಗೆ ಬಂದ ಹಾಗೆ ಕೂಗಿದರು. ಯಂತ್ರದ ತಾಳ ಬರಲಿಲ್ಲ. ಕೌದಿ ಧಮ್ ಎಂದಿತು. ಮುಸ್ಕಾನ್ ಮೊದಲ ಸಾಲು ಹೇಳಿ ನಿಲ್ಲಿಸಿದಳು. ಹಿಂದಿನಿಂದ ನಾವು ಎತ್ತಿಕೊಂಡೆವು.

ಜನರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೆಲವರು ಮುಖ ಮುಖ ನೋಡಿಕೊಂಡರು. ಅಂಗಿಯ ಮೇಲೆ ಬರೆಸಿಕೊಂಡವನು ಒಂದಿಷ್ಟು ಕಾದು, ಗೆಳೆಯರ ಜೊತೆ ಹೊರಗೆ ಹೋಗಿಬಿಟ್ಟ. ಅವನು ಹೋಗುವುದನ್ನು ಮುಸ್ಕಾನ್ ನೋಡಿದಳು, ನಾನೂ ನೋಡಿದೆ. ಆಕೆಯ ಗಂಟಲು ಏರುವುದೋ ಎಂದು ನನ್ನ ಕೈ ತಡೆಯಿತು. ಏರಲಿಲ್ಲ. ಚಾಚಾನನ್ನು ಬೈಯುವ ಸಾಲು ಬಂತು. ಹಿಂದೆ ಅದು ಕಲ್ಲಿನಂತೆ ಬರುತ್ತಿತ್ತು. ಈಗ ಆ ಮನುಷ್ಯನ ಬಿಳಿ ಗಡ್ಡ ಕಂಡವಳ ಹಾಗೆ ಹೇಳಿ ನಿಂತಳು. ದೋನಾ ಬಿಯಾ ಅದರ ಬಾಲ ಹಿಡಿದು ಎಳೆದರು. ಆಮೇಲೆ ಕಂಬ ಹತ್ತಿದ್ದ ಒಬ್ಬ ಹುಡುಗಿ ಎಳೆದಳು. ಆಮೇಲೆ ನೆಲದ ಮೇಲೆ ಕುಳಿತವರು. ಇಂಡಿಯ ಬಸ್ ಸ್ಟ್ಯಾಂಡಿನ ಮೇಲಿನ ಸಿಟ್ಟು ಪರದೇಶದ ನಾಲಿಗೆಗಳ ಮೇಲೆ ಹಾಯ್ದು, ತಗಡಿನ ಮಾಡಿಗೆ ತಾಗಿ, ಮೆತ್ತಗಾಗಿ ಕೆಳಗಿಳಿಯುತ್ತಿತ್ತು. ಹೊರಗೆ ದೋಣಿ ಕೂಗಿತು. ಮುಸ್ಕಾನ್ ಅದಕ್ಕೂ ಜಾಗ ಕೊಟ್ಟಳು.

ಒಬ್ಬಳೇ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದ ಹಾಡು ಅಂದು ಎಷ್ಟೋ ಮಂದಿಯ ಉಸಿರಿನ ಮೇಲೆ ಸಾಗಿತು. ಮುಗಿದಾಗ ಶೆಡ್ಡಿನೊಳಗೆ ಇನ್ನೂ ಬೆಳಕಿತ್ತು.

ಮರಳಿ ಇಂಡಿ

ಹೊರಡುವ ದಿನ ಕೌದಿ ಕೇಳಲು ನನಗೆ ಬಾಯಿ ಬರಲಿಲ್ಲ. ದೋನಾ ಬಿಯಾ ಅದನ್ನು ಕುರ್ಚಿಯ ಮೇಲೆ ಇಟ್ಟುಕೊಂಡಿದ್ದರು, ನಾನು ಮಡಚಿದ ಹಾಗೆಯೇ, ಒಂದು ಮೂಲೆಯೂ ಬಿಚ್ಚದೆ. ಬದಲಿಗೆ ತಮ್ಮ ಬಟ್ಟೆಯ ಗಂಟನ್ನು ನನ್ನ ಚೀಲಕ್ಕೆ ಹಾಕಿದರು.

ಮನೆ ಮುಟ್ಟಿದಾಗ ಶಮೀಮ ಬಾಗಿಲಲ್ಲೇ ಹಿಡಿದಳು. ಮಗಳು ಒಳಗೆ ಹೋಗುವ ತನಕ ಕಾದು ಕೇಳಿದಳು.

“ಆಪಾ, ಖರೆ ಹೇಳು. ಚೀರಿದ್ಲೋ ಇಲ್ಲೋ?”

“ಇಲ್ಲ. ಆಕಿ ಚೀರೂದನ್ನ ಮಂದಿ ಹಂಚಿಕೊಂಡ್ರು.”

ಶಮೀಮಳಿಗೆ ಅರ್ಥವಾಗಲಿಲ್ಲ. ಸೂಟ್‌ಕೇಸ್ ತೆರೆದು, “ಅವ್ವನ ಕೌದಿ ಎಲ್ಲೈತಿ?” ಎಂದಳು. ಅದನ್ನು ಹೇಳಲು ಒಂದು ಚಹಾ ಸಾಲುವುದಿಲ್ಲ, ಅಡುಗೆಮನೆಗೆ ಕರೆದುಕೊಂಡು ಹೋದೆ.

ಕೆಲವು ದಿನಗಳ ಮೇಲೆ ಮಲ್ಲು ಸಿಂದಗಿಯಿಂದ ಮೈಕು ತಂದ. ಮುಸ್ಕಾನ್ ಹೊಸ ಹಾಡು ರೆಕಾರ್ಡ್ ಮಾಡಿಸಲು ತನ್ನ ಕೋಣೆಯಲ್ಲಿ ನಿಂತಳು. ಹೊದೆಯಲು ಏನೂ ಇರಲಿಲ್ಲ. ಮಲ್ಲು ಅಭ್ಯಾಸಬಲದಿಂದ ಕಿಟಕಿ ಮುಚ್ಚಲು ಹೋದ. ಆಕೆ ಕೈಯಿಂದಲೇ ಬೇಡವೆಂದಳು. ನಾನು ಹೊರಗಿನ ಕಟ್ಟೆಯ ಮೇಲೆ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ.

ಒಳಗೆ ಆಕೆ ಒಂದು ಸಾಲು ಹೇಳಿ ನಿಂತಳು. ರಸ್ತೆಯಲ್ಲಿ ನಿಂಬೆಹಣ್ಣಿನ ಲಾರಿ ಬಂತು. ಎಂದಿನಂತೆ ನಮ್ಮ ಮನೆಯ ತಿರುವಿನಲ್ಲಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಅದು ಪೂರ್ತಿ ಹಾಯ್ದು ಹೋಗುವ ತನಕ ಮುಸ್ಕಾನ್ ಉಸಿರು ತೆಗೆದುಕೊಂಡಳು. ಆಮೇಲೆ ಮುಂದಿನ ಸಾಲು ಎತ್ತಿದಳು.